ಕಟಾವಾದ ಹೊಲದಿಂದ ಬಂದ ಅಡ್ಡಗಾಳಿ

ಬೈಕಿನ ಮುಂಭಾಗಕ್ಕೆ ಕೂರಿಸುವ ಫೈಬರ್ ಹೊದಿಕೆಗಳನ್ನು ನಾನು ಒಟ್ಟು ಐದು ಮಾಡಿದೆ. ಆರನೆಯದನ್ನು ಮಾಡಲಿಲ್ಲ. ಐದರಲ್ಲಿ ಒಂದು, ಕಲ್ಲೋಳಿಯ ಹತ್ತಿರ ಒಬ್ಬ ಮನುಷ್ಯನನ್ನು ರಸ್ತೆಗೆ ಕೆಡವಿತು. ಅದು ಹೇಗಾಯಿತು, ಆಮೇಲೆ ನಾನು ಏನು ಮಾಡಿದೆ, ಏನು ಮಾಡಲಿಲ್ಲ ಎಂಬುದನ್ನು ದಿನದ ಕ್ರಮದಲ್ಲೇ ಬರೆಯುತ್ತೇನೆ. ಹಿಂದುಮುಂದು ಮಾಡಿ ಬರೆದರೆ ನನಗೆ ಅನುಕೂಲವಾಗುವ ಹಾಗೆ ಬರೆದುಬಿಡುತ್ತೇನೆ ಎಂಬ ಭಯ ನನಗಿದೆ.

ಘಟಪ್ರಭಾದಲ್ಲಿ ನನ್ನದು ಫೈಬರ್ ಕೆಲಸದ ಶೆಡ್. ಆಟೋದ ಟಾಪು, ತೊಟ್ಟಿಯ ಮುಚ್ಚಳ, ದನ ಮೇಯುವ ಗೋದಲಿ, ಇಂಥವೇ ಹೆಚ್ಚು. ಊರಿನಲ್ಲಿ ರಕ್ತ ತಪಾಸಣೆಯ ಒಂದು ಪ್ರಯೋಗಾಲಯವಿದೆ. ಅದರ ಮಾಲೀಕರ ಹತ್ತಿರ ಐದು ಜನ ಬೈಕ್ ಸವಾರರಿದ್ದರು. ಅವರು ಹುಕ್ಕೇರಿ, ಮೂಡಲಗಿ, ಕಲ್ಲೋಳಿ ಕಡೆಯ ಸಣ್ಣ ದವಾಖಾನೆಗಳಿಂದ ರಕ್ತದ ಮಾದರಿಗಳನ್ನು ಮಂಜುಗಡ್ಡೆಯ ಪೆಟ್ಟಿಗೆಯಲ್ಲಿಟ್ಟು ದಿನಕ್ಕೆ ಎರಡು ಸಲ ತರಬೇಕು. ಮಳೆಗಾಲ ಮುಗಿಯುವ ಹೊತ್ತಿಗೆ ಮಾಲೀಕರು ಶೆಡ್ಡಿಗೆ ಬಂದು, ‘ನಮ್ಮ ಹುಡುಗರಿಗೆ ಮುಂಜಾನೆ ಎದಿಗೆ ಥಂಡಿ ಹೊಡಿತೈತಿ. ಗಾಳಿ ಸೀಳ್ಕೊಂಡ ಹೋಗೂವಂಥಾದ್ದು ಏನರೆ ಮಾಡಿ ಕೊಡ್ರಿ’ ಎಂದರು. ಅವರು ಹುಡುಗರು ಎಂದರೂ ಐವರಿಗೂ ಮೂವತ್ತು ದಾಟಿತ್ತು.

ನಾನು ಡಿಪ್ಲೊಮಾ ಮಾಡಿದವನು. ಗೋದಲಿ ಮಾಡಿ ಮಾಡಿ ಬೇಸತ್ತಿದ್ದ ಕೈಗೆ ಇದು ಒಳ್ಳೆಯ ಕೆಲಸ ಅನ್ನಿಸಿತು. ಮೊದಲು ನನ್ನ ಸ್ವಂತ ಬೈಕಿನ ಮುಂದೆ ತಂತಿಯ ಚೌಕಟ್ಟು ಕಟ್ಟಿ, ಮೇಲೆ ಗೋಣಿ ಸುತ್ತಿ, ಪ್ಲಾಸ್ಟರ್ ಮೆತ್ತಿ ಆಕಾರ ತಂದೆ. ಒಣಗಿದ ಮೇಲೆ ಉಜ್ಜಿ, ಮೇಣ ಹಚ್ಚಿ, ಅದರ ಮೇಲೆ ಅಚ್ಚು ತೆಗೆದೆ. ಅಚ್ಚಿನೊಳಗೆ ಮೂರು ಪದರ ಗಾಜಿನ ನಾರು, ರಾಳ. ಮೂಗು ಹೆಡ್‌ಲೈಟಿನ ಮುಂದಕ್ಕೆ ಒಂದು ಗೇಣು ಚಾಚಿತ್ತು. ಎರಡು ಪಕ್ಕದ ರೆಕ್ಕೆಗಳು ಸವಾರನ ಮೊಳಕಾಲಿನವರೆಗೆ ಇಳಿದಿದ್ದವು. ಮೇಲೆ ಪಾರದರ್ಶಕ ಗಾಜು. ಮಳೆಯಲ್ಲಿ ತಲೆಗೆ ಹಾಕಿಕೊಳ್ಳುವ ಗೋಣಿಚೀಲದ ಕೊಪ್ಪೆಯ ಹಾಗೆ ಕಾಣುತ್ತಿತ್ತು. ಸವಾರರು ಮೊದಲ ದಿನವೇ ಅದಕ್ಕೆ ಕೊಪ್ಪಿ ಎಂದು ಹೆಸರಿಟ್ಟರು.

ಕೂರಿಸುವುದು ಎಲ್ಲಿಗೆ ಎಂಬ ಪ್ರಶ್ನೆ ಬಂತು. ನನ್ನ ಶೆಡ್ಡಿನ ಪಕ್ಕದ ವೆಲ್ಡರ್ ಹಳೆಯ ಸ್ನೇಹಿತ. ಅವನು ಅಚ್ಚನ್ನು ಸುತ್ತು ಹಾಕಿ ನೋಡಿ, ‘ಚೌಕಟ್ಟಿಗೆ ಬಿಗಿ ಅಣ್ಣಾ. ನಾ ಎರಡ ಕೊಂಡಿ ಬೆಸಿಗಿ ಹಾಕಿ ಕೊಡ್ತೇನಿ’ ಎಂದ. ‘ನಿನಗ ಬೆಸಿಗಿ ಬಿಟ್ಟರ ಬ್ಯಾರೆ ಏನೂ ಕಾಣಂಗಿಲ್ಲ ನೋಡು’ ಎಂದು ನಾನು ನಕ್ಕೆ. ಬೈಕುಗಳು ಸವಾರರ ಸ್ವಂತದವು. ಚೌಕಟ್ಟಿಗೆ ಬೆಸುಗೆ ಹಾಕಿದರೆ ಮಾರುವಾಗ ಯಾರೂ ಕೊಳ್ಳುವುದಿಲ್ಲ ಎಂದು ಅವರೆಲ್ಲ ಮೊದಲೇ ಹೇಳಿದ್ದರು. ಹ್ಯಾಂಡಲ್ಲಿಗೆ ಕಟ್ಟಿದರೆ ಮೂರು ಕ್ಲಾಂಪು ಸಾಕು, ಹೆಡ್‌ಲೈಟು ತಿರುಗಿದ ಹಾಗೆ ಹೊದಿಕೆಯೂ ತಿರುಗುತ್ತದೆ. ನಾನು ಹ್ಯಾಂಡಲ್ಲಿಗೇ ಕಟ್ಟಿದೆ.

ಇನ್ನು ಪರೀಕ್ಷೆ. ಇಲ್ಲಿಯೇ ತಪ್ಪಾಯಿತು, ಅದೂ ನಾನು ತುಂಬ ಕಾಳಜಿ ಮಾಡಿದ್ದರಿಂದ. ಗಾಳಿಯ ತಡೆ ಎಷ್ಟು ಕಡಿಮೆಯಾಗಿದೆ ಎಂದು ತಿಳಿಯಲು ಒಂದು ಸರಳ ವಿಧಾನವಿದೆ. ಬೈಕನ್ನು ಅರವತ್ತರ ವೇಗಕ್ಕೆ ತಂದು, ಒಂದು ಗುರುತಿನ ಕಲ್ಲಿನ ಹತ್ತಿರ ನ್ಯೂಟ್ರಲ್ಲಿಗೆ ಹಾಕಿ, ಬ್ರೇಕು ಮುಟ್ಟದೆ ಅದು ತಾನಾಗಿ ಎಲ್ಲಿಯವರೆಗೆ ಉರುಳುತ್ತದೆ ಎಂದು ಅಳೆಯುವುದು. ಹೊದಿಕೆ ಇಲ್ಲದೆ ಹತ್ತು ಸಲ, ಹೊದಿಕೆಯೊಂದಿಗೆ ಹತ್ತು ಸಲ. ಆದರೆ ಗಾಳಿ ಬೀಸುತ್ತಿದ್ದರೆ ಅಳತೆ ಕೆಡುತ್ತದೆ. ಅದಕ್ಕಾಗಿ ನಿಶ್ಚಲವಾದ ಜಾಗ ಹುಡುಕಿದೆ. ಕಲ್ಲೋಳಿಯ ದಾರಿಯಲ್ಲಿ ಒಂದು ನೇರ ತುಂಡು ಸಿಕ್ಕಿತು. ಎರಡೂ ಬದಿಗೆ ಆಳೆತ್ತರ ಮೀರಿದ ಕಬ್ಬು, ಗೋಡೆಯ ಹಾಗೆ. ಬೆಳಿಗ್ಗೆ ಅಲ್ಲಿ ಕಾಗದದ ಚೂರು ಬಿಟ್ಟರೆ ನೇರ ಕಾಲ ಮೇಲೆ ಬೀಳುತ್ತಿತ್ತು. ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಎಲ್ಲಿ ಸಿಗಬೇಕು ಎಂದುಕೊಂಡೆ.

ಹೊದಿಕೆಯ ಮೈಗೆಲ್ಲ ಉಣ್ಣೆಯ ಎಳೆಗಳನ್ನು ಅಂಟಿಸಿದೆ. ವೆಲ್ಡರ್ ಇನ್ನೊಂದು ಬೈಕಿನಲ್ಲಿ ಪಕ್ಕದಲ್ಲೇ ಬಂದು ಎಳೆಗಳನ್ನು ನೋಡುತ್ತಿದ್ದ. ಎಲ್ಲಿ ಎಳೆ ಮಲಗುತ್ತದೋ ಅಲ್ಲಿ ಗಾಳಿ ಮೈಗಂಟಿ ಹರಿಯುತ್ತಿದೆ, ಎಲ್ಲಿ ಕುಣಿಯುತ್ತದೋ ಅಲ್ಲಿ ಒಡೆಯುತ್ತಿದೆ. ಕುಣಿಯುವ ಕಡೆ ಪುಟ್ಟಿ ಹಚ್ಚಿ ದುಂಡು ಮಾಡುತ್ತ ಹೋದೆ. ನೀರು ಬಿಡಲು ಬಂದ ರೈತರೊಬ್ಬರು ಮೂರು ದಿನ ನಮ್ಮನ್ನು ನೋಡಿ, ನಾಲ್ಕನೆಯ ದಿನ ಬದುವಿನ ಮೇಲೆ ನಿಂತು, ‘ಏನ್ರಿ, ಗಾಡಿಗೆ ಜವಳ ತಗಸಾಕತ್ತೀರೇನು?’ ಎಂದು ಕೇಳಿದರು. ಕೊನೆಗೆ ಬೈಕು ಮೊದಲಿಗಿಂತ ಐವತ್ತು ಹೆಜ್ಜೆ ಮುಂದೆ ಹೋಗಿ ನಿಂತಿತು. ಆ ಐವತ್ತು ಹೆಜ್ಜೆಯನ್ನು ನಾನು ಎರಡು ಸಲ ನಡೆದು ಎಣಿಸಿದೆ, ಅಷ್ಟು ಖುಷಿಯಾಗಿತ್ತು. ಐವರಿಗೂ ಕಟ್ಟಿಕೊಟ್ಟೆ.

ಚಳಿಗಾಲವೆಲ್ಲ ಹೊಗಳಿಕೆ. ಹುಕ್ಕೇರಿಯ ಸವಾರ ತನ್ನ ಕೊಪ್ಪಿಯ ಮೇಲೆ ಮಗಳ ಹೆಸರನ್ನು ಬಣ್ಣದಲ್ಲಿ ಬರೆಸಿದ. ಅಷ್ಟರಲ್ಲಿ ಕಬ್ಬಿನ ಕಟಾವು ಶುರುವಾಗಿತ್ತು. ನಮ್ಮ ಕಡೆ ಎಲ್ಲ ಹೊಲಗಳೂ ಒಟ್ಟಿಗೆ ಕಟಾವಾಗುವುದಿಲ್ಲ. ಕಾರ್ಖಾನೆಯಿಂದ ಪಾಳಿ ಬಂದವನ ಹೊಲಕ್ಕೆ ಮಾತ್ರ ಕಡಿಯುವ ತಂಡ ಇಳಿಯುತ್ತದೆ. ಪಕ್ಕದವನ ಪಾಳಿ ಬಾರದಿದ್ದರೆ ಅವನ ಕಬ್ಬು ಹಾಗೆಯೇ ನಿಂತಿರುತ್ತದೆ. ರಸ್ತೆಯ ಬದಿಯ ಗೋಡೆ ಅಲ್ಲಲ್ಲಿ ಹಲ್ಲು ಬಿದ್ದ ಬಾಯಿಯಂತೆ ಆಗುತ್ತದೆ. ಹುಟ್ಟಿದಾಗಿನಿಂದ ನೋಡಿದ್ದೇನೆ. ಆದರೆ ಅದನ್ನು ನನ್ನ ಕೆಲಸಕ್ಕೆ ಸೇರಿಸಿ ನೋಡಲಿಲ್ಲ.

ಒಬ್ಬ ಹೇಳಿದ್ದ ಕೂಡ. ಮೂಡಲಗಿಯ ಸವಾರ ಒಂದು ಮಧ್ಯಾಹ್ನ ಶೆಡ್ಡಿನ ಮುಂದೆ ನಿಲ್ಲಿಸಿ, ‘ಕಟಾವಾದ ಹೊಲ ಬಂತಂದ್ರ ಹ್ಯಾಂಡಲ್ ಜಗ್ಗಿದಂಗ ಆಗತೈತ್ರಿ’ ಎಂದ. ನಾನು ಮುಂದಿನ ಗಾಲಿಯನ್ನು ಹೆಬ್ಬೆರಳಿನಿಂದ ಒತ್ತಿ ನೋಡಿ, ‘ಹವಾ ಕಡಿಮಿ ಐತಿ, ಹಾಕಿಸ್ಕೋ’ ಎಂದೆ. ಅವನು ಹೋಗಿ ಹಾಕಿಸಿಕೊಂಡ. ಮತ್ತೆ ಆ ಮಾತು ಎತ್ತಲಿಲ್ಲ.

ಹೋಳಿ ಹುಣ್ಣಿಮೆ ಕಳೆದ ಮೇಲೆ, ಒಂದು ಶನಿವಾರ ಮಧ್ಯಾಹ್ನ, ಕಲ್ಲೋಳಿಯ ಸವಾರ ಬಿದ್ದ. ಬಲ ಮಣಿಕಟ್ಟು ಎರಡು ಕಡೆ ಮುರಿದಿತ್ತು, ಹೆಗಲಿನ ಮೂಳೆ ಸೀಳಿತ್ತು, ಮುಖದ ಒಂದು ಭಾಗ ಡಾಂಬರಿಗೆ ತಿಕ್ಕಿತ್ತು. ಎತ್ತಿದ ಜನ ಅವನ ಅಂಗಿಯಿಂದ ವಾಸನೆ ಬರುತ್ತಿತ್ತು ಎಂದರು. ಮಾದರಿ ಪೆಟ್ಟಿಗೆಯಲ್ಲಿ ಕೈ ಒರೆಸುವ ಸ್ಪಿರಿಟ್ ಬಾಟಲಿ ಇರುತ್ತಿತ್ತು, ಅದು ಒಡೆದು ಅವನ ಮೇಲೆ ಚೆಲ್ಲಿತ್ತು. ಆದರೆ ಎರಡು ವರ್ಷದ ಹಿಂದಿನವರೆಗೂ ಅವನು ಕುಡಿಯುತ್ತಿದ್ದ. ದೇವರ ಮುಂದೆ ಆಣೆ ಮಾಡಿ ಬಿಟ್ಟಿದ್ದ. ಸಂಜೆಯ ಹೊತ್ತಿಗೆ ಕಲ್ಲೋಳಿಯಲ್ಲಿ ಎಲ್ಲರಿಗೂ ಗೊತ್ತಾಗಿತ್ತು, ಅವನು ಮತ್ತೆ ಕುಡಿದು ಬಿದ್ದ ಎಂದು.

ಭಾನುವಾರ ನಾನು ಆಸ್ಪತ್ರೆಗೆ ಹೋದೆ. ಅವನ ಹೆಂಡತಿ ಮಂಚದ ಪಕ್ಕದಲ್ಲಿ ಬೆನ್ನು ತಿರುಗಿಸಿ ಕುಳಿತಿದ್ದಳು. ನನ್ನನ್ನು ನೋಡಿದವನೇ ಅವನು, ‘ಕೊಪ್ಪಿ ಒಡದೈತೇನ್ರಿ?’ ಎಂದ. ಅದನ್ನು ಬಿಡು, ಏನಾಯಿತು ಹೇಳು ಎಂದೆ.

‘ಗಾಳಿ ಬಂತ್ರಿ. ಹ್ಯಾಂಡಲ್ ತಾನ ಬಲಕ್ಕ ಹೊಂಟಿತು. ನಾ ಎಡಕ್ಕ ಜಗ್ಗಿ ಹಿಡದೆ. ಆಮ್ಯಾಲ ಒಮ್ಮಿಗಿಲೆ ಯಾರೋ ಕೈ ಬಿಟ್ಟಂಗ ಆತು. ಎಡಕ್ಕ ಹೊಳ್ಳಿ ಬಿತ್ತು.’

ಹೆಂಡತಿ ಗೋಡೆಯ ಕಡೆ ನೋಡುತ್ತಲೇ, ‘ಗಾಳಿ ಬಂತಂತ. ಮೊದಲ ಬೀಳಾಕ ನಾಯಿ ಅಡ್ಡ ಬರತಿತ್ತು, ಈಗ ಗಾಳಿ’ ಎಂದಳು.

ಅವನು ನನಗೆ ಮಾತ್ರ ಕೇಳುವಂತೆ, ‘ತಪ್ಪ ನಂದ ಇರಬೇಕ್ರಿ. ಗಾಳಿ ಎಲ್ಲಾರಿಗೂ ಬೀಸತೈತಿ’ ಎಂದ.

ಸೋಮವಾರ ನಾನು ಬಿದ್ದ ಜಾಗಕ್ಕೆ ಹೋದೆ. ಅದು ನಾನು ಪರೀಕ್ಷೆ ಮಾಡಿದ ರಸ್ತೆಯೇ. ನನ್ನ ಗುರುತಿನ ಕಲ್ಲು ಇನ್ನೂ ಅಲ್ಲಿತ್ತು. ಕಲ್ಲಿನಿಂದ ಮುಂದೆ, ಪಶ್ಚಿಮದ ಬದಿಯಲ್ಲಿ, ಒಬ್ಬರ ಹೊಲ ಕಟಾವಾಗಿ, ಉಳಿದ ಒಣಗರಿಯ ರವದಿಗೆ ಬೆಂಕಿ ಕೊಟ್ಟು ಕಪ್ಪಗಾಗಿತ್ತು. ಅದರ ಆಚೆ ಈಚೆ ಕಬ್ಬು ನಿಂತೇ ಇತ್ತು. ಬಯಲಾದ ಆ ತುಂಡು ರಸ್ತೆಗುಂಟ ನಲವತ್ತು ಹೆಜ್ಜೆ. ಡಾಂಬರಿನ ಮೇಲಿನ ಗೀರು ಶುರುವಾದದ್ದು ಆ ತುಂಡಿನ ಎದುರಿಗಲ್ಲ. ಅದು ಮುಗಿದು, ನಿಂತ ಕಬ್ಬು ಮತ್ತೆ ಆರಂಭವಾಗುವ ಜಾಗದಿಂದ ಐದಾರು ಹೆಜ್ಜೆ ಮುಂದೆ. ಅದನ್ನು ನೋಡುತ್ತ ತುಂಬ ಹೊತ್ತು ನಿಂತೆ. ಆಮೇಲೆ, ಬಿದ್ದವನ ಬೈಕಿನಿಂದ ಬಿಚ್ಚಿ ತಂದಿದ್ದ, ಗೀರು ಬಿಟ್ಟರೆ ಸರಿಯಾಗಿಯೇ ಇದ್ದ ಕೊಪ್ಪಿಯನ್ನು ನನ್ನ ಬೈಕಿಗೆ ಕಟ್ಟಿ ಆ ತುಂಡನ್ನು ದಾಟಿದೆ. ನಲವತ್ತರ ವೇಗದಲ್ಲಿ ಹೋಗಿದ್ದೆ, ಅದಕ್ಕಿಂತ ಹೆಚ್ಚು ಹೋಗಲು ಧೈರ್ಯ ಬರಲಿಲ್ಲ. ಬಯಲಿಗೆ ಬಂದ ಕೂಡಲೇ ಹ್ಯಾಂಡಲ್ಲನ್ನು ಯಾರೋ ಹಿಡಿದು ಬಲಕ್ಕೆ ಒಯ್ದರು. ನಾನು ಎಡಕ್ಕೆ ಎಳೆದು ಹಿಡಿದೆ. ಕಬ್ಬಿನ ಮರೆಗೆ ಬಂದದ್ದೇ ಗಾಳಿ ನಿಂತಿತು, ನನ್ನ ಎಳೆತ ನಿಲ್ಲಲಿಲ್ಲ. ಬೈಕು ಅರ್ಧ ರಸ್ತೆ ಹೊರಳಿತು. ಕಾಲೂರಿ ಉಳಿದುಕೊಂಡೆ. ಅರವತ್ತರ ವೇಗದಲ್ಲಿ ಆ ನಲವತ್ತು ಹೆಜ್ಜೆ ಎರಡು ಸೆಕೆಂಡು ಕೂಡ ಆಗುವುದಿಲ್ಲ. ಅಷ್ಟರಲ್ಲಿ ಎಳೆಯಬೇಕು, ಎಳೆದದ್ದನ್ನು ಬಿಡಲೂ ಬೇಕು. ಮನುಷ್ಯನ ಕೈಗೆ ಅದು ಸಾಧ್ಯವಿಲ್ಲ.

ಇಷ್ಟಾದರೂ ಇದು ನನ್ನ ಊಹೆ ಇರಬಹುದು ಎಂದು ನನಗೆ ನಾನೇ ಹೇಳಿಕೊಂಡೆ. ಬುಧವಾರ ಒಬ್ಬ ರೈತರಿಂದ ಸೋಯಾ ತೂರುವ ದೊಡ್ಡ ಫ್ಯಾನು ತಂದೆ. ಬೈಕನ್ನು ನೇರವಾಗಿ ಕಟ್ಟಿ ನಿಲ್ಲಿಸಿ, ಮುಂದಿನ ಗಾಲಿಯ ಕೆಳಗೆ ಗ್ರೀಸು ಬಳಿದ ತಗಡು ಇಟ್ಟೆ, ಹ್ಯಾಂಡಲ್ ಸಲೀಸಾಗಿ ತಿರುಗಲಿ ಎಂದು. ಕೊಪ್ಪಿ ಇಲ್ಲದೆ ಎಡಗಡೆಯಿಂದ ಫ್ಯಾನು ಹಾಕಿದರೆ ಹ್ಯಾಂಡಲ್ ಸ್ವಲ್ಪ ನಡುಗಿತು, ಅಷ್ಟೆ. ಕೊಪ್ಪಿ ಕಟ್ಟಿ ಹಾಕಿದೆವು. ಹ್ಯಾಂಡಲ್ ನಿಧಾನವಾಗಿ, ಯಾರೂ ಮುಟ್ಟದೆ, ಬಲಕ್ಕೆ ಪೂರ್ತಿ ತಿರುಗಿ ಟ್ಯಾಂಕಿಗೆ ತಾಗಿ ನಿಂತಿತು. ವೆಲ್ಡರ್ ಫ್ಯಾನು ಆರಿಸಿದ. ಮತ್ತೆ ಹಚ್ಚಿದ. ಮತ್ತೆ ತಿರುಗಿತು.

‘ಬಾಗಲಾ ಗಾಳಿಗೆ ಬಡಕೊಂಡಂಗ ನೋಡಣ್ಣಾ’ ಎಂದ ಅವನು. ಅದೇ ಸರಿಯಾದ ವಿವರಣೆ. ಹ್ಯಾಂಡಲ್ ತಿರುಗುವ ಕೀಲಿಗಿಂತ ಮುಂದಕ್ಕೆ ಚಾಚಿದ ಮೂಗು, ಅಗಲವಾದ ರೆಕ್ಕೆ, ಎರಡೂ ಸೇರಿ ಒಂದು ಬಾಗಿಲು. ಆ ಬಾಗಿಲನ್ನು ನಾನು ಸವಾರನ ಕೈಗೆ ಕಟ್ಟಿದ್ದೆ. ಚೌಕಟ್ಟಿಗೆ ಬಿಗಿದಿದ್ದರೆ ಗಾಳಿ ಬೈಕನ್ನು ತಳ್ಳುತ್ತಿತ್ತೇ ಹೊರತು ಹ್ಯಾಂಡಲ್ಲನ್ನು ತಿರುಗಿಸುತ್ತಿರಲಿಲ್ಲ.

ಆ ಬುಧವಾರ ನನಗೆ ಪೂರ್ತಿ ಗೊತ್ತಾಯಿತು. ಇದನ್ನು ಒತ್ತಿ ಬರೆಯುತ್ತಿದ್ದೇನೆ.

ಮುಂದಿನ ದಿನಗಳಲ್ಲಿ ನಾನು ಮಾಡಿದ್ದು ಇದು. ತಪ್ಪನ್ನು ಹೇಳುವುದಾದರೆ ಅದರ ಜೊತೆ ಪರಿಹಾರವನ್ನೂ ಇಟ್ಟು ಹೇಳಬೇಕು, ಬರಿಗೈಯಲ್ಲಿ ಹೋಗಬಾರದು ಎಂದು ತೀರ್ಮಾನಿಸಿದೆ. ಕೇಳಲು ಜವಾಬ್ದಾರಿಯ ಮಾತಿನಂತಿದೆ. ಗುರುವಾರ ರೆಕ್ಕೆಗಳನ್ನು ಅರ್ಧಕ್ಕೆ ಕತ್ತರಿಸಿದೆ. ಚೀಲ ತೂಗುವ ಸ್ಪ್ರಿಂಗ್ ತಕ್ಕಡಿಯನ್ನು ಹ್ಯಾಂಡಲ್ಲಿಗೆ ಸಿಕ್ಕಿಸಿ ಎಳೆತ ಅಳೆದೆ. ಅರ್ಧದಷ್ಟು ಕಡಿಮೆಯಾಗಿತ್ತು, ಆದರೆ ಇತ್ತು. ಶುಕ್ರವಾರ ಮೂಗಿನ ಪಕ್ಕದಲ್ಲಿ ತೂತು ಕೊರೆದೆ. ಹೆಚ್ಚೇನೂ ಬದಲಾಗಲಿಲ್ಲ, ಜೊತೆಗೆ ಫೈಬರ್ ಸೀಳಿತು. ಈ ನಡುವೆ ಉಳಿದ ಸವಾರರನ್ನು ಕರೆದು, ‘ಕ್ಲಾಂಪು ಸಡಲ ಆಗ್ಯಾವ, ಗಟ್ಟಿ ಮಾಡಿ ಕೊಡ್ತೇನಿ’ ಎಂದು ಸುಳ್ಳು ಹೇಳಿ ಕೊಪ್ಪಿ ಬಿಚ್ಚಿಸಿಕೊಂಡೆ. ಮೂವರು ಕೊಟ್ಟರು. ಹುಕ್ಕೇರಿಯವನು ಮಾತ್ರ ನಾಳೆ, ನಾಡಿದ್ದು ಎನ್ನುತ್ತಿದ್ದ.

ಸೋಮವಾರ ಮಾಲೀಕರು ಕಲ್ಲೋಳಿಯವನನ್ನು ಕೆಲಸದಿಂದ ತೆಗೆದರು. ‘ಕುಡದ ಗಾಡಿ ಹೊಡಿಯಾವನ್ನ ಇಟ್ಕೊಂಡ್ರ ನಾಳೆ ಡಾಕ್ಟರ್ ಮಂದಿ ನಮ್ಮ ಕಡೆ ರಕ್ತ ಕಳಸ್ತಾರೇನ್ರಿ?’ ಎಂದು ನನ್ನೆದುರೇ ಹೇಳಿದರು. ಪೆಟ್ಟಿಗೆಯಲ್ಲಿ ಸ್ಪಿರಿಟ್ ಇದ್ದದ್ದು ಅವರಿಗೂ ಗೊತ್ತು, ಬಾಟಲಿ ಕೊಟ್ಟವರೇ ಅವರು. ಆಗ ನಾನು ಬಾಯಿ ತೆರೆಯಬಹುದಿತ್ತು. ‘ಹೂಂ’ ಎಂದೆ. ನಾಳೆ ಚೌಕಟ್ಟಿಗೆ ಬಿಗಿಯುವ ಹೊಸ ಕೊಂಡಿ ಮುಗಿಯಲಿ, ಆಮೇಲೆ ಎಂದುಕೊಂಡೆ.

ಮಂಗಳವಾರ ಮುಗಿಯಿತು. ಚೌಕಟ್ಟಿಗೆ ಬೆಸುಗೆ ಇಲ್ಲದೆ ಬೋಲ್ಟಿನಲ್ಲೇ ನಿಲ್ಲುವ ಕೊಂಡಿ, ಚಿಕ್ಕ ಮೂಗು, ಹ್ಯಾಂಡಲ್ಲಿಗಿಂತ ಕೆಳಗೆ ಇಳಿಯದ ರೆಕ್ಕೆ. ಫ್ಯಾನಿನ ಮುಂದೆ ಹ್ಯಾಂಡಲ್ ಅಲ್ಲಾಡಲಿಲ್ಲ. ವೆಲ್ಡರ್ ಚಹಾ ತರಿಸಿದ. ಆರು ದಿನದ ಮೇಲೆ ನಾನು ಆವತ್ತು ನಕ್ಕೆ. ಮಧ್ಯಾಹ್ನ ಮೂರು ಗಂಟೆ ಇರಬೇಕು.

ಬುಧವಾರ ಹುಕ್ಕೇರಿಗೆ ಹೋದೆ. ಸವಾರ ಬಸ್ ನಿಲ್ದಾಣದ ಹತ್ತಿರ ಪೆಟ್ಟಿಗೆ ತುಂಬಿಸಿಕೊಂಡು ಹೊರಡುವ ತಯಾರಿಯಲ್ಲಿದ್ದ. ಕೊಪ್ಪಿ ಬಿಚ್ಚು ಎಂದೆ.

‘ನಿಮಗ ಬ್ಯಾರೆ ಕೆಲಸಿಲ್ಲೇನ್ರಿ? ನನ್ನ ಮಗಳ ಹೆಸರ ಐತಿ ಅದರ ಮ್ಯಾಲ. ಬಿಚ್ಚಿದ್ರ ಮನಿಗೆ ಹೊಗಸಂಗಿಲ್ಲ ನನ್ನ.’

‘ಕ್ಲಾಂಪು...’ ಎಂದೆ.

‘ಕ್ಲಾಂಪು ನಾ ನಿನ್ನೇನ ಬಿಗಿಸೇನಿ. ಜಗ್ಗಿ ನೋಡ್ರಿ ಬೇಕಾರ.’ ಎರಡೂ ಕೈಯಲ್ಲಿ ಅಲ್ಲಾಡಿಸಿ ತೋರಿಸಿದ. ಬಂಡೆಯ ಹಾಗೆ ಗಟ್ಟಿಯಾಗಿತ್ತು. ನನ್ನ ಸುಳ್ಳಿಗೆ ಉತ್ತರ ಸಿಕ್ಕಿತ್ತು. ಅವನು ಹೊರಟ.

ದಕ್ಷಿಣದಲ್ಲಿ ದೂಳುಗಾಳಿ ಎದ್ದು ಆಕಾಶ ಕೆಂಪು ಮಣ್ಣಿನ ಬಣ್ಣಕ್ಕೆ ತಿರುಗಿತ್ತು. ನಾನು ಬೈಕ್ ಹತ್ತಿ ಬೆನ್ನಟ್ಟಿದೆ. ಊರು ದಾಟಿ ಮೊದಲ ಬಯಲು ಬಂದಾಗ ನೋಡಿದೆ. ಅವನ ಬೈಕು ಎಡಕ್ಕೆ ಸರಿದು ರಸ್ತೆಯ ಅಂಚಿನ ಮಣ್ಣನ್ನು ಮುಟ್ಟಿ ಮತ್ತೆ ಮೇಲೆ ಬಂತು. ಹಾರ್ನ್ ಒತ್ತಿದೆ. ಅವನು ಹಿಂತಿರುಗಿ ನೋಡಿ, ನಾನು ಪಂದ್ಯಕ್ಕೆ ಕರೆಯುತ್ತಿದ್ದೇನೆ ಎಂದು ತಿಳಿದನೋ ಏನೋ, ಕೈ ಎತ್ತಿ ತೋರಿಸಿ ವೇಗ ಹೆಚ್ಚಿಸಿದ. ನಾನು ಹಾರ್ನ್ ನಿಲ್ಲಿಸಿದೆ. ಒತ್ತಿದರೆ ಓಡುತ್ತಾನೆ, ಒತ್ತದಿದ್ದರೆ ನಿಲ್ಲುವುದಿಲ್ಲ. ಎದುರಿನಿಂದ ಕಬ್ಬಿನ ಟ್ರ್ಯಾಕ್ಟರುಗಳು ಬರುತ್ತಿದ್ದವು, ಒಂದೊಂದಕ್ಕೂ ಎರಡೆರಡು ಟ್ರೇಲರ್. ಪ್ರತಿಯೊಂದು ಟ್ರೇಲರ್ ಅವನ ಪಕ್ಕದಲ್ಲಿ ಹಾಯುವಾಗ ನಾನು ಉಸಿರು ಹಿಡಿಯುತ್ತಿದ್ದೆ. ಇಷ್ಟು ದಿನದಲ್ಲಿ ಮೊದಲ ಸಲ ನನ್ನ ತಪ್ಪು ನನ್ನ ಕಣ್ಣ ಮುಂದೆ ಓಡುತ್ತಿತ್ತು, ಮತ್ತು ನಾನು ಅದನ್ನು ಮುಟ್ಟಲಾರದವನಾಗಿದ್ದೆ.

ಅವನನ್ನು ನಿಲ್ಲಿಸಿದ್ದು ನಾನಲ್ಲ. ಹೊಲದಿಂದ ರಸ್ತೆಗೆ ಹತ್ತುತ್ತಿದ್ದ ಒಂದು ತುಂಬಿದ ಟ್ರೇಲರ್ ಏರಿಯಲ್ಲಿ ಸಿಕ್ಕಿ ದಾರಿಗೆ ಅಡ್ಡವಾಗಿ ನಿಂತಿತ್ತು. ಅವನು ಬ್ರೇಕು ಹಾಕಿದ. ನಾನು ಓಡಿಹೋಗಿ ಅವನ ಬೈಕಿನ ಕೀಲಿಕೈ ಕಿತ್ತುಕೊಂಡೆ.

‘ಹುಚ್ಚ ಹಿಡದೈತೇನ್ರಿ ನಿಮಗ?’

‘ಕ್ಲಾಂಪಿನ ಮಾತು ಸುಳ್ಳು. ಕೊಪ್ಪೀನ ತಪ್ಪೈತಿ. ಗಾಳಿ ಬಂದ್ರ ಹ್ಯಾಂಡಲ್ ತಿರುಗಸತೈತಿ. ಕಲ್ಲೋಳ್ಯಾಂವ ಅದರಿಂದನ ಬಿದ್ದ. ಹೋದ ಬುಧವಾರದಿಂದ ನನಗ ಗೊತ್ತೈತಿ.’

ಇಷ್ಟನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಅವನು ಹೆಲ್ಮೆಟ್ ತೆಗೆದು ನನ್ನ ಮುಖ ನೋಡಿದ. ತನ್ನ ಪ್ರಾಣದ ವಿಚಾರ ಕೇಳುತ್ತಾನೆ ಎಂದುಕೊಂಡಿದ್ದೆ. ಅವನು ಕೇಳಿದ್ದು ಬೇರೆ.

‘ಹಂಗಾರ ಅಂವ ಕುಡದಿದ್ದಿಲ್ಲ?’

‘ಇಲ್ಲ.’

‘ಛೇ. ನಾನೂ ಎಲ್ಲಾರ ಮುಂದ ಅಂದೇನಲ್ರಿ, ಕುಡದಾನಂತ.’

ಬೋಲ್ಟು ಬಿಚ್ಚುವ ಪಾನಾವನ್ನು ನಾನು ಜೇಬಿನಿಂದ ತೆಗೆದಾಗ ಅದನ್ನು ತೆಗೆದುಕೊಂಡು ಅವನೇ ಮೂರು ಕ್ಲಾಂಪು ಬಿಚ್ಚಿದ. ಕೊಪ್ಪಿಯನ್ನು ಎರಡು ಕೈಯಲ್ಲಿ ಎತ್ತಿ ಹಿಡಿದದ್ದೇ ಗಾಳಿ ಅದನ್ನು ಹಿಡಿದು ಅವನನ್ನು ನಾಲ್ಕು ಹೆಜ್ಜೆ ಎಳೆದುಕೊಂಡು ಹೋಯಿತು. ಟ್ರೇಲರಿನ ಮರೆಗೆ ಬಂದು ಮಗಳ ಹೆಸರನ್ನು ಒಮ್ಮೆ ಅಂಗೈಯಿಂದ ಒರೆಸಿ, ಅದನ್ನು ನನ್ನ ಕೈಗೆ ಕೊಟ್ಟ.

ಅಂದು ಸಂಜೆಯೇ ಮಾಲೀಕರ ಹತ್ತಿರ ಹೋಗಿ ಎಲ್ಲ ಹೇಳಿದೆ. ಅವರು ಬಾಗಿಲು ಮುಂದೆ ಮಾಡಿ, ‘ಬಾಯ್ಲೆ ಹೇಳಿದ್ರಿ, ಸಾಕು. ಬರದ ಗಿರದ ಕೊಡಬ್ಯಾಡ್ರಿ’ ಎಂದರು. ಒಂದು ಹಾಳೆಯಲ್ಲಿ ನಡೆದದ್ದನ್ನು ಬರೆದು, ಸಹಿ ಹಾಕಿ, ಅವರ ಮೇಜಿನ ಮೇಲಿಟ್ಟು ಬಂದೆ. ಇನ್ನೊಂದು ಪ್ರತಿ ನನ್ನ ಜೇಬಿನಲ್ಲಿತ್ತು.

ಗುರುವಾರ ಬೆಳಿಗ್ಗೆ ಕಲ್ಲೋಳಿ. ಅವನು ಪ್ಲಾಸ್ಟರ್ ಹಾಕಿದ ಕೈಯನ್ನು ಎದೆಗೆ ಕಟ್ಟಿಕೊಂಡು ಕಟ್ಟೆಯ ಮೇಲೆ ಒಬ್ಬನೇ ಕುಳಿತಿದ್ದ. ಹಾಳೆಯನ್ನು ಓದಿ ಹೇಳಿದೆ. ಕೊನೆಯವರೆಗೂ ಕೇಳಿ, ‘ನನ್ನ ಮುಂದ ಹೇಳಿದ್ರ ಏನ ಬಂತ್ರಿ? ನಾ ಕುಡದಿಲ್ಲಂತ ನನಗ ಗೊತ್ತೈತಿ’ ಎಂದ. ಆಮೇಲೆ, ‘ಆಕಿ ಮುಂದ ಹೇಳ್ರಿ. ತವರಮನಿಗೆ ಹೋಗ್ಯಾಳ, ಹುಕ್ಕೇರಿ ಕಡೆ. ಮಕ್ಕಳನ್ನೂ ಕರಕೊಂಡ ಹೋಗ್ಯಾಳ’ ಎಂದ.

ಇಬ್ಬರೂ ಬಸ್ಸಿನಲ್ಲಿ ಹೋದೆವು. ಎರಡು ಬಸ್ಸು ಬದಲಾಯಿಸಬೇಕು. ದಾರಿಯುದ್ದಕ್ಕೂ ಅವನು ಕಿಟಕಿಯ ಆಚೆ ನೋಡುತ್ತ, ಕಟಾವಾದ ಹೊಲ ಬಂದಾಗಲೆಲ್ಲ ಎಡಗೈಯಲ್ಲಿ ಮುಂದಿನ ಸೀಟಿನ ಸರಳನ್ನು ಹಿಡಿಯುತ್ತಿದ್ದ. ಬಸ್ಸಿನಲ್ಲಿ ಅದರ ಅಗತ್ಯವಿಲ್ಲ ಎಂದು ನಾನು ಹೇಳಲಿಲ್ಲ.

ಅವಳು ತಮ್ಮನ ಮನೆಯ ಅಂಗಳದಲ್ಲಿ ಕಡಲೆ ಹಸನು ಮಾಡುತ್ತಿದ್ದಳು. ಗಂಡನನ್ನು ನೋಡಿ ಎದ್ದು ನಿಂತಳು, ಮಾತಾಡಿಸಲಿಲ್ಲ. ನಾನು ನಿಂತೇ ಹೇಳಿದೆ. ಸ್ಪಿರಿಟ್ ಬಾಟಲಿಯ ವಿಷಯ, ಕಬ್ಬಿನ ಸಂದಿನ ವಿಷಯ, ಫ್ಯಾನಿನ ವಿಷಯ. ಅವಳು ಮೊರ ಕೆಳಗಿಟ್ಟು ಕೇಳಿದಳು. ಮುಗಿದ ಮೇಲೆ ಅಳಲಿಲ್ಲ, ಬಯ್ಯಲಿಲ್ಲ. ಒಂದೇ ಪ್ರಶ್ನೆ ಕೇಳಿದಳು.

‘ಇದು ನಿಮಗ ಎಂದ ಗೊತ್ತಾತ್ರಿ?’

ಈ ಪ್ರಶ್ನೆಯನ್ನು ಮಾಲೀಕರು ಕೇಳಿರಲಿಲ್ಲ, ಗಂಡನೂ ಕೇಳಿರಲಿಲ್ಲ.

‘ಬುಧವಾರ’ ಎಂದೆ. ‘ನಿನ್ನೆದ್ದಲ್ಲ, ಅದರ ಹಿಂದಿನ ಬುಧವಾರ.’

ಅವಳು ಬೆರಳು ಮಡಚಿ ಎಣಿಸಿದಳು. ‘ನಾ ಮನಿ ಬಿಟ್ಟ ಬಂದದ್ದು ಮಂಗಳವಾರ. ಮಧ್ಯಾಹ್ನ ಮೂರರ ಬಸ್ಸಿಗೆ. ಆರ ದಿನ ಆತು.’

‘ಹೌದು.’

‘ಆರ ದಿನ ನೀವು ಅದನ್ನ ಇಟ್ಕೊಂಡ ಕುಂತ್ರಿ. ಇಂವ ದಿನಾ ಹೇಳ್ಯಾನ, ಗಾಳಿ ಬಂತು, ಗಾಳಿ ಬಂತು. ನಾ ಅವನ ಬಾಯಿ ಮೂಸಿ ನೋಡೇನ್ರಿ. ಮಕ್ಕಳ ಎದುರಿಗೆ.’

ಅವನು ‘ಇರಲಿ ಬಿಡ’ ಎಂದ. ‘ನೀ ಸುಮ್ಮನಿರ’ ಎಂದಳು. ಆಸ್ಪತ್ರೆಯಿಂದ ಇಲ್ಲಿಯವರೆಗೆ ಅವನಿಗೆ ಅವಳು ಆಡಿದ ಮೊದಲ ಮಾತು ಅದೇ ಎಂದು ಅವನು ಆಮೇಲೆ ಹೇಳಿದ. ಅವಳು ನನ್ನ ಕಡೆ ತಿರುಗಿ, ‘ನನ್ನ ಮುಂದ ಹೇಳಿದ್ರ ಸಾಲಂಗಿಲ್ರಿ. ನಮ್ಮ ಓಣ್ಯಾಗ ಮನಿಮನಿಗೆ ಬಂದ ಹೇಳಬೇಕು. ನಾ ಬಾಜೂಕ ನಿಂದರ್ತೇನಿ’ ಎಂದಳು.

ಸಂಜೆಯ ಹೊತ್ತಿಗೆ ನಾವೆಲ್ಲ ಕಲ್ಲೋಳಿಯ ಬಸ್ಸಿನಲ್ಲಿದ್ದೆವು, ಮಕ್ಕಳೂ ಸೇರಿ. ಅವನ ಅಂಗಿಯ ಗುಂಡಿಗಳು ಮೇಲೆ ಕೆಳಗಾಗಿದ್ದವು, ಎಡಗೈಯಲ್ಲಿ ಹಾಕಿಕೊಂಡಿದ್ದ. ಅವಳು ಅದನ್ನು ನೋಡಿದಳು, ಸರಿಪಡಿಸಲಿಲ್ಲ. ಅಷ್ಟು ಬೇಗ ಎಲ್ಲ ಸರಿಹೋಗುವುದಿಲ್ಲ.

ಓಣಿಯಲ್ಲಿ ಹನ್ನೊಂದು ಮನೆ. ಮೊದಲ ಮನೆಯ ಬಾಗಿಲಲ್ಲಿ ನಿಂತು ಹೇಳಿದೆ. ಹೊದಿಕೆ ಮಾಡಿದವನು ನಾನು, ತಪ್ಪು ನನ್ನದು, ಅವನು ಕುಡಿದಿರಲಿಲ್ಲ, ವಾಸನೆ ಬಂದದ್ದು ಪೆಟ್ಟಿಗೆಯ ಸ್ಪಿರಿಟ್. ಇದು ಗೊತ್ತಾದ ಮೇಲೂ ಆರು ದಿನ ನಾನು ಹೇಳಲಿಲ್ಲ. ಮೂರನೆಯ ಮನೆಯಲ್ಲಿ ಕಿವಿ ಮಂದವಾದ ಒಬ್ಬ ಅಜ್ಜ ಎಲ್ಲ ಕೇಳಿ, ನನ್ನನ್ನು ಮೇಲಿಂದ ಕೆಳಗೆ ನೋಡಿ, ‘ಹಂಗಾರ ಕುಡದಾಂವ ನೀನ?’ ಎಂದ. ಒಳಗಿನಿಂದ ಯಾರೋ ನಕ್ಕರು. ಅವಳು ನಗಲಿಲ್ಲ. ‘ಅವರೂ ಕುಡದಿಲ್ಲ ಕಾಕಾ. ಅವರು ಸುಮ್ಮನ ಇದ್ರು’ ಎಂದು ಜೋರಾಗಿ ತಿಳಿಸಿದಳು.

ಐದು, ಆರು, ಏಳು. ಒಂದು ಮನೆಯವರು ನೀರು ಕೊಟ್ಟರು. ಒಂದು ಮನೆಯವರು, ನಮಗೇನು ಸಂಬಂಧ ಎಂದರು. ಗಂಡ ಸ್ವಲ್ಪ ದೂರದಲ್ಲಿ ಕಂಬಕ್ಕೆ ಒರಗಿ ನಿಂತಿದ್ದ, ಪ್ರತಿ ಬಾಗಿಲಿನಲ್ಲೂ ಜನ ಅವನ ಕಡೆ ಒಮ್ಮೆ ನೋಡುತ್ತಿದ್ದರು. ಎಂಟನೆಯ ಮನೆಯಲ್ಲಿ ಮಾತನ್ನು ಚಿಕ್ಕದು ಮಾಡಿದೆ. ಹೊದಿಕೆಯ ತಪ್ಪು, ಅವನು ಕುಡಿದಿರಲಿಲ್ಲ ಎಂದು ಹೇಳಿ, ಕೈ ಮುಗಿದು ತಿರುಗಿದೆ.

ಅವಳು ಹಿಂದೆಯೇ ನಿಂತಿದ್ದಳು, ದಾರಿ ಬಿಡಲಿಲ್ಲ.

‘ಆರ ದಿನದ್ದು ಬಿಟ್ರಿ’ ಎಂದಳು.

ನಾನು ಮತ್ತೆ ಬಾಗಿಲ ಕಡೆ ತಿರುಗಿ ಅದನ್ನೂ ಹೇಳಿದೆ.